ಕಾಲಡಿಯ ಬಾಟಲಿ

ವಿಜಯಕುಮಾರನ ಸಂಸಾರಕ್ಕೆ, ಅದು ಶುರುವಾಗುವ ಮೊದಲೇ, ಕಲ್ಲು ಹಾಕಲು ಹೊರಟಿದ್ದು ಒಂದು ಖಾಲಿ ಬ್ರಾಂದಿ ಬಾಟಲಿ.

ಅವನ ಮನೆತನದಲ್ಲಿ ಯಾರೂ ಹೆಂಡದಂಗಡಿಯ ನೆರಳು ತುಳಿದವರಲ್ಲ. ಆದರೆ ಅವನ ಪಾದಗಳು ಮಾತ್ರ ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ. ಚಪ್ಪಟೆ ಪಾದ ದರಿದ್ರ ಎಂದು ಹಿಂದೆ ಎರಡು ಸಂಬಂಧ ಮುರಿದಿದ್ದವು. ಶಿವಮೊಗ್ಗದ ಡಾಕ್ಟರು, “ದಿನಾ ಗಾಜಿನ ಬಾಟ್ಲಿ ಮೇಲೆ ಅಂಗಾಲು ಉರುಳಿಸು, ಪಾದದ ಹೊರಗಿನ ಅಂಚಲ್ಲಿ ನಡಿ” ಎಂದಿದ್ದರು. ಸೋಡಾ ಅಂಗಡಿಯವನು ಬಾಟಲಿ ಕೊಡಲು ಒಪ್ಪಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದು ಬ್ರಾಂದಿಯದು.

ಈ ಸಲ ಶಿವಮೊಗ್ಗದ ಪ್ರಿಯದರ್ಶಿನಿ ಒಪ್ಪಿದ್ದಳು. ಹೆಣ್ಣು ನೋಡಲು ಹೋದಾಗ ಅವನು ಕಾಲುಚೀಲ ಬಿಚ್ಚಿರಲಿಲ್ಲವಲ್ಲ! ಅವಳ ನಗು ನೋಡಿ ಬಂದಮೇಲೆ ಬೇರೆ ಹುಡುಗಿಯ ಯೋಚನೆಯೇ ಅವನಿಗಿರಲಿಲ್ಲ. ಆ ಭಾನುವಾರ ಅವಳ ತಂದೆ ಓಂಕಾರಪ್ಪನವರು ಮಾತು ಮುಗಿಸಲು ಭದ್ರಾವತಿಗೆ ಬರುವವರಿದ್ದರು. ಮದುವೆಯೊಳಗೆ ಪಾದಕ್ಕೆ ಕಮಾನು ಬರಿಸಿಯೇ ತೀರುತ್ತೇನೆಂದು ವಿಜಯಕುಮಾರ ಬೆಳಿಗ್ಗೆಯೇ ಹಲ್ಲು ಕಚ್ಚಿ ಉರುಳಿಸತೊಡಗಿದ. ಬಾಟಲಿ ಜಾರಿತು, ಹೊಸ್ತಿಲು ಹಾರಿತು, ಓಲ್ಡ್ ಟೌನಿನ ಇಳಿಜಾರು ಗಲ್ಲಿಯಲ್ಲಿ ಉರುಳಿ ವೀರಪ್ಪನ ಎಸ್‌ಟಿಡಿ ಬೂತಿನ ಮುಂದೆ ನಿಂತಿತು.

“ಏನೋ ವಿಜಿ, ಬೆಳಬೆಳಿಗ್ಗೇನೇ?” ಎಂದ ವೀರಪ್ಪ.

“ಅಯ್ಯೋ ಇಲ್ಲ ವೀರಪ್ಪಣ್ಣ, ಅದು ಕಾಲಿಗೆ!”

“ತಲೆಗೆ ಏರೋದು ಗೊತ್ತಿತ್ತು. ಕಾಲಿಗೂ ಇಳಿಯುತ್ತೇನೋ?”

ನಿಜ ಹೇಳುವಂತಿರಲಿಲ್ಲ. ವೀರಪ್ಪನಿಗೆ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ವಿಜಯಕುಮಾರ ಬಾಟಲಿ ಅಲ್ಲೇ ಬಿಟ್ಟು ಮನೆಯತ್ತ ತಿರುಗಿದ. ವೀರಪ್ಪ ಹುಡುಗನ ಮಾನ ಉಳಿಸುವವನಂತೆ ಬಾಟಲಿಯನ್ನು ಟವಲಿನಡಿ ಸೇರಿಸಿಕೊಂಡ.

ಬೀಗರನ್ನು ಕರೆತರಲು ವಿಜಯಕುಮಾರ ಬಸ್‌ಸ್ಟ್ಯಾಂಡಿಗೆ ಹೊರಟ. ದಾರಿಯನ್ನೂ ದಂಡ ಮಾಡುವುದೇಕೆಂದು ಪಾದದ ಅಂಚಿನಲ್ಲೇ, ಅತ್ತ ವಾಲಿ ಇತ್ತ ವಾಲಿ ನಡೆದ. ಓಂಕಾರಪ್ಪನವರು ಮುಂಚಿನ ಬಸ್ಸಿಗೇ ಬಂದಿಳಿದು ಬೂತಿನಲ್ಲಿ ವಿಳಾಸ ಕೇಳುತ್ತ ನಿಂತದ್ದು ಅವನಿಗೆ ಕಾಣಲಿಲ್ಲ. ಅವರಿಗೆ ಮಾತ್ರ ಅವನು ಚೆನ್ನಾಗಿಯೇ ಕಂಡ.

“ಹುಡುಗ ಬಂಗಾರ ಬಿಡಿ ಯಜಮಾನ್ರೇ,” ಎಂದ ವೀರಪ್ಪ, ಕೇಳದೆಯೇ. “ಕುಡಿಯೋದೂ ಮನೇಲೇ. ಒಬ್ಬರ ತಂಟೆಗೆ ಹೋಗಲ್ಲ.” ಸಾಕ್ಷಿಗೆಂದು ಟವಲನ್ನೂ ಸರಿಸಿ ತೋರಿಸಿದ.

ಬಸ್‌ಸ್ಟ್ಯಾಂಡಿನಿಂದ ವಿಜಯಕುಮಾರ ಬೆವರಿಳಿಸಿಕೊಂಡು ವಾಪಸಾದಾಗ ಬೀಗರು ನಡುಮನೆಯಲ್ಲಿ ಕೂತಿದ್ದರು. ತಾಯಿ ದಾಕ್ಷಾಯಣಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು.

“ಕುಡೀತೀಯಂತೆ?” ಎಂದರು ಓಂಕಾರಪ್ಪ. “ಬಾಟ್ಲಿನೂ ನೋಡ್ದೆ, ನಿನ್ನ ನಡಿಗೆನೂ ನೋಡ್ದೆ.”

ಬಾಯಿ ಮುಚ್ಚಿದರೆ ಕುಡುಕ, ತೆರೆದರೆ ಚಪ್ಪಟೆಗಾಲು. ಪ್ರಿಯದರ್ಶಿನಿಯ ನಗು ನೆನಪಾಯಿತು. ಅವಳ ಕಣ್ಣಲ್ಲಿ ಕುಡುಕನಾಗಲಾರೆ ಎಂದು ಗಟ್ಟಿ ಮನಸ್ಸು ಮಾಡಿ ಕಾಲುಚೀಲ ಕಿತ್ತೆಸೆದ, ಬಚ್ಚಲಿಗೆ ಹೋಗಿ ಕಾಲಿಗೆ ನೀರು ಸುರಿದುಕೊಂಡು ಕೆಂಪು ಸಿಮೆಂಟಿನ ನೆಲದ ಮೇಲೆ ನೆಟ್ಟಗೆ ನಡೆದು ಬಂದ. ಹಿಂದೆ ಅಕ್ಕಿರೊಟ್ಟಿ ತಟ್ಟಿದಂಥ ಹೆಜ್ಜೆಗಳು ಮೂಡಿದವು.

“ಇದಕ್ಕೇ ಬಾಟ್ಲಿ, ಇದಕ್ಕೇ ಆ ನಡಿಗೆ. ಒಂದು ಹನೀನೂ ಮುಟ್ಟಿದವನಲ್ಲ ನಾನು!”

“ಅಂದ್ರೆ, ಕುಡಿಯಲ್ಲ?”

“ದೇವರಾಣೆ ಇಲ್ಲ.”

ದಾಕ್ಷಾಯಣಮ್ಮ ಖುಷಿಯಿಂದ ಕೇಸರಿಬಾತು ತರಲು ಎದ್ದರು. ಓಂಕಾರಪ್ಪನವರು ನೆಲದ ಹೆಜ್ಜೆಗಳನ್ನೇ ನೋಡುತ್ತ ಶಲ್ಯ ಹೆಗಲಿಗೇರಿಸಿದರು.

“ಕುಡೀತಾನೆ ಅಂದಾಗ್ಲೂ ನಾನು ಎದ್ದು ಹೋಗ್ಲಿಲ್ಲ ನೋಡಪ್ಪ. ನನ್ನ ತಮ್ಮನಿಗೆ ಮಠದಲ್ಲಿ ಆಣೆ ಹಾಕಿಸಿ ಬಿಡಿಸಿದ್ವಿ, ನಿನಗೂ ಬಿಡಿಸಿದ್ರಾಯ್ತು ಅಂತ ಕೂತಿದ್ದೆ. ಆದ್ರೆ ಈ ಪಾದನ ಯಾವ ಮಠಕ್ಕೆ ಕರ್ಕೊಂಡು ಹೋಗಿ ಬಿಡಿಸ್ಲಿ?”

ಕೇಸರಿಬಾತು ಬರುವಷ್ಟರಲ್ಲಿ ಅವರು ಗಲ್ಲಿ ದಾಟಿದ್ದರು.

ಸಂಜೆ ವೀರಪ್ಪ ಬಂದ. “ಬೇಜಾರ್ ಮಾಡ್ಕೋಬೇಡ ಮಾರಾಯ. ಖಾಲಿ ಬಾಟ್ಲಿ ಹೆಂಗೆ ವಾಪಸ್ ಕೊಡೋದು ಅಂತ ತುಂಬಿಸ್ಕೊಂಡೇ ಬಂದೆ,” ಎಂದು ಟವಲಿನ ಸಮೇತ ಅವನ ಕೈಗಿತ್ತು ಹೋದ.

ವಿಜಯಕುಮಾರ ಅದನ್ನು ಬಚ್ಚಲಿಗೆ ಸುರಿದ, ತೊಳೆದ, ನೆಲಕ್ಕಿಟ್ಟು ಅಂಗಾಲು ಊರಿದ. ಕಮಾನು ಬರಿಸಿಯೇ ಸೈ.

ಮರೆತ ಟವಲಿಗೆಂದು ವೀರಪ್ಪ ಮರುಗಳಿಗೆಯೇ ತಿರುಗಿ ಬಂದ. ಖಾಲಿ ಬಾಟಲಿ ಕಂಡು ಕೈ ಮುಗಿದ.

“ಅಬ್ಬಬ್ಬಾ! ಇಷ್ಟು ಬೇಗ?”