ವರಾಂಡಾದಲ್ಲಿ ಐವತ್ತು ಟ್ರಂಕು

1963ರ ಬೇಸಿಗೆಯ ಒಂದು ಸೋಮವಾರ ಜಯನಗರದ ನಮ್ಮ ಬಾಡಿಗೆ ಮನೆಯ ವರಾಂಡಾಕ್ಕೆ ಹಸಿರು ಬಣ್ಣದ ಐವತ್ತು ಕಬ್ಬಿಣದ ಟ್ರಂಕುಗಳು ಬಂದಿಳಿದವು. ಪತ್ರಿಕಾ ಕಚೇರಿಯಲ್ಲಿ ಇತರರ ವರದಿಗಳನ್ನು ಮೊಟಕು ಮಾಡಿ ಸಂಬಳ ಪಡೆಯುವ ನಾನು ಈ ಸುದ್ದಿಯನ್ನೂ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸ್ವಂತ ಮನೆಯೊಳಗೆ ಹೋಗಲು ಟ್ರಂಕು ಹತ್ತಿ ಇಳಿಯಬೇಕಾದವನಿಗೆ ಸಂಕ್ಷೇಪ ಒಗ್ಗುವುದಿಲ್ಲ. ಹಾಲಿನವಳು ಮೊದಲ ದಿನವೇ, "ವರ್ಗ ಆಯ್ತಾ ಸಾಮಿ? ನಾಳೆಯಿಂದ ಈ ಹಾಲು ಯಾರ್ಗಾಕ್ಲಿ?" ಎಂದು ಕೇಳಿದಳು.

ಟ್ರಂಕುಗಳು ನನ್ನ ಹೆಂಡತಿ ಸಾವಿತ್ರಿಯ ತಮ್ಮ ನಂಜುಂಡನವು. ಸಿದ್ದಾಪುರದಲ್ಲಿ ಅವನದೊಂದು ಶೆಡ್ಡು. ಅಲ್ಲಿ ಟ್ರಂಕು ಇಟ್ಟರೆ ಆಳು ನಿಲ್ಲಲು ಜಾಗವಿಲ್ಲ, ಆಳು ನಿಂತರೆ ಟ್ರಂಕಿಗೆ ಜಾಗವಿಲ್ಲ. ಮಿಲಿಟರಿಯವರು ಅವನ ಮಾದರಿ ಟ್ರಂಕನ್ನು ಒಪ್ಪಿ ಐವತ್ತಕ್ಕೆ ಆರ್ಡರು ಕೊಟ್ಟಿದ್ದರು. ಇದ್ದಬದ್ದ ತಗಡನ್ನೆಲ್ಲ ಅವನು ಅದಕ್ಕೇ ಸುರಿದಿದ್ದ. "ಇದು ಪಾಸಾಗ್ಲಿಲ್ಲ ಅಂದ್ರೆ ಶೆಡ್ ಬಿಟ್ಟು ಹಳೇ ಸಾಹುಕಾರ್ರ ಹತ್ರಾನೇ ಕೂಲಿಗೆ ಹೋಗ್ಬೇಕು ಭಾವ" ಎನ್ನುತ್ತಿದ್ದ.

ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರು ಮಾದರಿಯನ್ನು ಜೀಪಿನಲ್ಲಿ ತಂದಿದ್ದರು. ಅಳೆದರು, ತಟ್ಟಿದರು, ಒಂದರ ಮೇಲೆ ಕೂತೂ ನೋಡಿದರು. ಕಾಫಿ ಮುಗಿಸಿ, "ಮಾದರಿ ಥರ ಇಲ್ವಲ್ರೀ" ಎಂದರು. ಮಾದರಿಯ ಮುಚ್ಚಳದ ನಡುವೆ ಒಂದು ಕೆಂಪು ಚುಕ್ಕೆ ಇತ್ತು.

"ಅದು ಕುಂಕುಮ ಸಾರ್" ಎಂದ ನಂಜುಂಡ. "ಮೊದಲ್ನೇ ಮಾಲು ಅಂತ ಅಕ್ಕ ಪೂಜೆ ಮಾಡಿ ಇಟ್ಟಿದ್ರು. ಬಣ್ಣ ಹಸಿ ಇತ್ತು, ಅಂಟ್ಕೊಂಡ್‌ಬಿಡ್ತು. ಕೆರೆದು ತೆಗೀತೀನಿ."

"ಮುಟ್ಟೀರಿ, ಜೋಕೆ! ಸೀಲಾಗಿರೋ ಮಾದರಿ."

ನಾನು ಮಧ್ಯೆ ಪ್ರವೇಶಿಸಿ ಮಿಲಿಟರಿಯವರ ಕಚೇರಿಗೊಂದು ವಿವರಣೆ ಬರೆದೆ. ಯಾರು, ಎಲ್ಲಿ, ಯಾವಾಗ, ಏಕೆ ಎಂಬುದೆಲ್ಲ ಮೊದಲ ಪ್ಯಾರಾದಲ್ಲೇ ಇತ್ತು. ಚುಕ್ಕೆಯಿಲ್ಲದ ಟ್ರಂಕು ಬೇರೆಯೇ ಮಾಲಾಗುವುದರಿಂದ ಹೊಸ ಮಾದರಿ ಬೇಕು, ಹೊಸ ಮಾದರಿಗೆ ಹೊಸ ಟೆಂಡರು ಬೇಕು ಎಂದು ಉತ್ತರ ಬಂತು. ನಾನು ಬರೆದದ್ದು ಅವರಿಗೆ ಅಷ್ಟು ಚೆನ್ನಾಗಿ ಅರ್ಥವಾಗಿತ್ತು.

ನಂಜುಂಡ ಟ್ರಂಕೊಂದರ ಮೇಲೆ ತಲೆ ಹಿಡಿದು ಕೂತ. ಸಾವಿತ್ರಿ ಒಳಗಿನಿಂದ ಬಂದಳು. "ಏಳೋ ನಂಜ. ಚುಕ್ಕೆ ಇರೋದೇ ಬೇಕು ಅಂದ್ಮೇಲೆ ಎಲ್ಲಕ್ಕೂ ಇಟ್ಬಿಡೋಣ. ನಿಮ್ಮ ಭಾವ ಕಾಗದ ಬರೆಯೋ ಹೊತ್ತಿಗೆ ಅರ್ಧ ಮುಗೀತಿತ್ತು."

ನಂಜುಂಡ ಕೆಂಪು ಪೇಂಟು ತಂದ. ಇನ್‌ಸ್ಪೆಕ್ಟರು ಮತ್ತೆ ಬಂದು ಚುಕ್ಕೆಗಳನ್ನು ಒಂದೊಂದಾಗಿ ನೋಡಿ, "ಮೊದ್ಲೇ ಹೀಗೆ ಮಾಡಕ್ಕೆ ಏನ್ರೀ ಕಷ್ಟ?" ಎಂದು ಪಾಸು ಮಾಡಿದರು. ಟ್ರಂಕು ಹೊತ್ತ ಲಾರಿ ತಿರುವು ದಾಟುವವರೆಗೂ ನಾವು ಮೂವರೂ ಉಸಿರು ಬಿಡಲಿಲ್ಲ. ಆಮೇಲೆ ನಂಜುಂಡ ಎರಡನೇ ಸಲ ಅನ್ನ ಹಾಕಿಸಿಕೊಂಡ. ನಾನು ವರಾಂಡಾದಲ್ಲಿ ಎರಡೂ ಕಾಲು ಚಾಚಿ ಕೂತೆ.

ಕಳೆದ ತಿಂಗಳು ನೂರು ಟ್ರಂಕಿಗೆ ಆರ್ಡರು ಬಂದಿದೆ. ಬಣ್ಣ ಹಸಿರು, ಮುಚ್ಚಳದ ನಡುವೆ ಕೆಂಪು ಚುಕ್ಕೆ ಎಂದು ಅವರೇ ನಮೂದಿಸಿದ್ದಾರೆ. ನಾನು ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದೇನೆ. ಬರೆದು ಪಳಗಿದ ಕೈ ಎಂದು ಚುಕ್ಕೆ ಇಡುವ ಕೆಲಸವನ್ನು ನನಗೇ ವಹಿಸಲಾಗಿದೆ. ನಿನ್ನೆ ಸಂಜೆಗೆ ಹನ್ನೆರಡು ಮುಗಿದಿವೆ.