ಹಿಂದಿನ ಸೀಟಿಗೆ ಹಸಿರು ಖಣ

ಬೈಲಹೊಂಗಲದ ಮಹಾಂತಪ್ಪನಿಗೆ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ಆಕೆ ಟಿಕಳಿಯನ್ನು ಹಣೆಗೆ ಹಚ್ಚಿಕೊಳ್ಳುವ ವಸ್ತು ಅಂತ ತಿಳಿದುಬಿಟ್ಟಿದ್ದಳು.

ಮಹಾಂತಪ್ಪನ ಪ್ರಕಾರ ಕೆಂಪು ಟಿಕಳಿ ಈ ಲೋಕದಲ್ಲಿ ಅವತರಿಸಿದ್ದು ಕಾರಿನ ಹಿಂದಿನ ದೀಪವಾಗುವುದಕ್ಕೆ. ದೊಡ್ಡ ಕಾರಿಗಲ್ಲ. (ದೊಡ್ಡ ಕಾರು ಅವನ ಹತ್ತಿರ ಇರಲಿಲ್ಲ, ಇದ್ದದ್ದು ಒಂದು ಹಳೆಯ ಸ್ಕೂಟರ್, ಅದೂ ತನಗೆ ಮನಸ್ಸು ಬಂದಾಗ ಚಾಲೂ ಆಗುವಂಥದ್ದು.) ನಿಜವಾದ ಕಾರಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಎಷ್ಟಾಗುತ್ತದೋ ಅಷ್ಟಕ್ಕೆ ಅಷ್ಟೇ, ಗೇಣುದ್ದಕ್ಕೂ ಕಡಿಮೆಯ ಕಾರುಗಳನ್ನು ಅವನು ಕೈಯಾರೆ ಕಟ್ಟುತ್ತಿದ್ದ. ಹೊಟ್ಟೆಪಾಡಿಗೆ ಅವನದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಬೋರಿನ ಮೋಟರ್ ಹೊತ್ತು ತಂದ ರೈತರು ಬಾಗಿಲಲ್ಲಿ ಕಾಯುತ್ತಿರುವಾಗಲೂ ಅವನ ಒಂದು ಕಣ್ಣು ಕೈಯಲ್ಲಿ ಉಳಿದ ತಂತಿಯ ತುಂಡಿನ ಮೇಲೆ: ಇದು ಸ್ಟೇರಿಂಗ್ ಆದೀತೋ, ವೈಪರ್ ಆದೀತೋ?

ಹೊಗಳದೆ ಇರಲಿಕ್ಕಾಗದು, ಅಂಥ ಕೈ. ಪ್ಲಾಸ್ಟಿಕ್ ಹಾಳೆಯನ್ನು ಬ್ಲೇಡಿನಿಂದ ಕೊಯ್ದು, ಬಿಸಿನೀರಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ, ಪಾಲಿಶ್ ಪೇಪರಿನಿಂದ ಎಂಟೆಂಟು ದಿನ ತಿಕ್ಕಿ ಅವನು ಒಂದು ಬಾನೆಟ್ ಮಾಡಿದನೆಂದರೆ ಅದರ ಮೇಲೆ ಕುಂತ ನೊಣ ಜಾರಿ ಬೀಳಬೇಕು. ಪಂಪಿನ ರಬ್ಬರ್ ವಾಶರ್ ಅವನ ಕೈಗೆ ಸಿಕ್ಕರೆ ಟೈರು. ಗುಳಿಗೆ ನುಂಗಿ ಎಸೆದ ಪಟ್ಟಿಯ ಬೆಳ್ಳಿ ಹಾಳೆ ಬಂಪರು, ಅದೇ ಪಟ್ಟಿಯ ಪ್ಲಾಸ್ಟಿಕ್ ಉಬ್ಬು ಹೆಡ್‌ಲೈಟು. ಬಾಗಿಲು ತೆರೆಯುತ್ತಿದ್ದವು. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳೂ ತಿರುಗುತ್ತಿದ್ದವು. ಮುಂದಿನ ಗಾಜಿನ ಮೇಲೆ 'ಶ್ರೀ ಬಸವೇಶ್ವರ ಪ್ರಸನ್ನ' ಎಂದು ಬರೆಯುವಾಗ ಅವನು ಉಸಿರು ಹಿಡಿಯುತ್ತಿದ್ದ. ಎದುರಿಗೆ ನಿಂತವರೂ ಹಿಡಿಯಬೇಕಾಗುತ್ತಿತ್ತು. ಇಂಥ ಹದಿನಾರು ಕಾರು ಪಡಸಾಲೆಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು.

ಈ ಮಹೋದ್ಯಮಕ್ಕೆ ಕಚ್ಚಾಮಾಲು ಪೂರೈಸುತ್ತಿದ್ದವಳು, ತನಗೇ ಗೊತ್ತಿಲ್ಲದೆ, ಅವನ ಹೆಂಡತಿ ಶೈಲಜಾ. ಆಕೆಯ ನೇಲ್ ಪಾಲಿಶು ಮೂರು ಕಾರಿಗೆ ಬಣ್ಣವಾಗಿತ್ತು. ಮಗಳ ಘಾಗ್ರಾದ ಕನ್ನಡಿ ಚೂರುಗಳು ಡ್ರೈವರ್ ಮಗ್ಗುಲ ಕನ್ನಡಿಗಳಾಗಿದ್ದವು. ಯುಗಾದಿಯ ದಿನ ಹೊಸ ಟಿಕಳಿ ಪಾಕೀಟು ಬಿಚ್ಚಿದರೆ ಒಳಗೆ ಬರೀ ಹಾಳೆ. ಅವತ್ತೇ ಫರ್ಮಾನು ಹೊರಟಿತು.

"ನೋಡ್ರಿ, ಇನ್ನ ಮ್ಯಾಲೆ ನನ್ನ ಒಂದ ಸಾಮಾನ ಮುಟ್ಟಿದ್ರಿ ಅಂದ್ರ, ಆ ಕಪಾಟ ಕಾರ ಸಮೇತ ಗುಜರಿಯಂವಗ ಹೋಗತೈತಿ."

"ಅಲ್ಲ ಶೈಲಾ, ಎರಡ ಟಿಕಳಿಗೆ ಇಷ್ಟ..."

"ಎರಡಲ್ರಿ, ಹದಿನೆಂಟ! ನಿಮ್ಮ ಕಾರಿಗೆಲ್ಲಾ ಮುತ್ತೈದಿತನ ಬಂತು. ನನ್ನ ಹಣೀಗೆ ಒಂದಾರ ಉಳಿಸೀರೇನ?"

ಶೈಲಜಾ ಬಾಯಿಮಾತಿಗೆ ಹೆದರಿಸುವವಳಲ್ಲ. ಹಿಂದೊಮ್ಮೆ ಇಸ್ಪೀಟು ಎಲೆ ಒಲೆಗೆ ಹಾಕುತ್ತೇನೆ ಅಂದಳು. ಅವತ್ತಿನ ರೊಟ್ಟಿ ಬೆಂದದ್ದೇ ಅದರ ಮೇಲೆ. ಹಾಗಾಗಿ ಹದಿನಾರು ಕಾರಿನ ಪ್ರಾಣ ಈಗ ಮಹಾಂತಪ್ಪನ ಕೈಯ ಹತೋಟಿಯಲ್ಲಿತ್ತು.

ಆದರೆ ಹದಿನೇಳನೆಯದು ಅವನ ಜೀವಮಾನದ ಕೆಲಸ. ಮೂವತ್ತೊಂದು ವರ್ಷದ ಹಿಂದೆ, ಮದುವೆ ಮುಗಿಸಿಕೊಂಡು ಚಚಡಿಯಿಂದ ಬೈಲಹೊಂಗಲಕ್ಕೆ ಬಂದ ಕೆನೆಬಣ್ಣದ ಅಂಬಾಸಿಡರ್. ಸೋದರಮಾವ ಭರಮಪ್ಪ ಯಾರದೋ ಕೈಕಾಲು ಹಿಡಿದು ತರಿಸಿದ್ದ ಕಾರು. ಅಕ್ಷತೆ ಬೀಳುವ ಮೊದಲೇ ಮದುಮಗ ಅದರ ಸುತ್ತ ನಾಲ್ಕು ಪ್ರದಕ್ಷಿಣೆ ಹಾಕಿ ಒಳಗೆ ಹೊರಗೆ ನೋಡಿಕೊಂಡಿದ್ದ. ಎಡಗಡೆಯ ದೀಪಕ್ಕೆ ಒಂದು ಸೀಳು, ಹಿಂದಿನ ಗಾಜಿಗೆ ನೆರಿಗೆಯ ಪರದೆ, ಗೇರಿನ ಹಿಡಿಕೆಗೆ ಬಿಳಿ ಗುಂಡು, ಸೀಟಿಗೆ ಹಸಿರು ಬಟ್ಟೆ, ಅದರ ಮೇಲೆ ಹೊಳೆಯುವ ಸಣ್ಣ ಹೂವು. ಫೋಟೋ ಒಂದೂ ಇರಲಿಲ್ಲ. ಎಲ್ಲ ಅವನ ಕಣ್ಣಲ್ಲೇ ಇತ್ತು. ಮುಗಿದ ದಿನ ಸುಮ್ಮನೆ ಶೈಲಜಾಳ ಮುಂದಿಡಬೇಕು, ಆಕೆ ಕಣ್ಣರಳಿಸಿ "ಅಯ್ಯ, ಇದು ನಮ್ಮ ಲಗ್ನದ ಕಾರಲ್ಲೇನ್ರಿ!" ಅನ್ನಬೇಕು, ಅಲ್ಲಿಗೆ ಹದಿನೆಂಟೂ ಟಿಕಳಿಯ ಪಾಪ ತೊಳೆದುಹೋಗಬೇಕು ಎಂಬುದು ಯೋಜನೆ. ಸೀಟೊಂದು ಬಿಟ್ಟು ಎಲ್ಲ ಆಗಿತ್ತು. ಆದರೆ ಅಷ್ಟು ಸಣ್ಣ ಹೂವಿನ ಹಸಿರು ಬಟ್ಟೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಸಿಕ್ಕಿದ್ದು ಮನೆಯಲ್ಲೇ, ಶೈಲಜಾಳ ಟ್ರಂಕಿನಲ್ಲಿ. ಒಂದು ಗುಳೇದಗುಡ್ಡದ ಖಣ, ಕುಪ್ಪಸದ ಬಟ್ಟೆ. ಹಸಿರು ನೆಲ, ಸಾಸಿವೆ ಕಾಳಿನಷ್ಟು ಬುಟ್ಟಾ. ನೇಯ್ದವನು ಇಪ್ಪತ್ನಾಲ್ಕರ ಲೆಕ್ಕ ಹಿಡಿದೇ ನೇಯ್ದಿದ್ದಾನೆ ಅನ್ನಿಸಿತು ಅವನಿಗೆ.

ಈ ಟ್ರಂಕಿನ ವ್ಯವಹಾರ ಗೊತ್ತಿರಬೇಕು. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಒಂದು ಖಣ ಇಡುತ್ತಾರೆ. ಇವರು ಅಲ್ಲಿಗೆ ಹೋದಾಗ ಅವರೂ ಇಡುತ್ತಾರೆ. ಆ ಖಣವನ್ನು ಯಾರೂ ಹೊಲಿಸುವುದಿಲ್ಲ, ಬಿಚ್ಚುವುದೂ ಇಲ್ಲ. ಬಿಚ್ಚಿದರೆ ಇನ್ನೊಬ್ಬರಿಗೆ ಕೊಡಲು ಬಾರದಲ್ಲ! ಹೀಗೆ ಮಡಿಕೆ ಮುರಿಯದ ಖಣಗಳು ಉಡಿಯಿಂದ ಉಡಿಗೆ, ಊರಿಂದ ಊರಿಗೆ ವರ್ಷಗಟ್ಟಲೆ ಸಂಚಾರ ಮಾಡುತ್ತವೆ. ಯಾವುದು ಯಾರು ಕೊಟ್ಟದ್ದು ಎಂಬುದು ಶೈಲಜಾಳಿಗೆ ಬಾಯಿಪಾಠ. ಕೊಟ್ಟವರಿಗೇ ಮರಳಿ ಕೊಡುವ ಅಪಚಾರ ಆಕೆಯ ಆಡಳಿತದಲ್ಲಿ ಒಮ್ಮೆಯೂ ಆಗಿರಲಿಲ್ಲ. (ಬಸ್ ಡಿಪೋದವರು ಬಂದು ಕಲಿಯಬೇಕು.) ಆ ಹಸಿರು ಖಣಕ್ಕೆ ಅಂಟಿದ ಅಂಗಡಿ ಚೀಟಿಯಲ್ಲಿ ಫೋನ್ ನಂಬರಿಗೆ ಐದೇ ಅಂಕಿ! ಇಷ್ಟು ವರ್ಷ ಬಿಚ್ಚದ್ದನ್ನು ಇನ್ನು ಯಾರು ಬಿಚ್ಚುತ್ತಾರೆ ಎಂದು ಮಹಾಂತಪ್ಪ ತರ್ಕ ಮಾಡಿದ. ಶೈಲಜಾ ಗಿರಣಿಗೆ ಹೋದ ಒಂದು ಮಧ್ಯಾಹ್ನ ಟ್ರಂಕು ತೆಗೆದ. ಅಂಚಿಗೆಲ್ಲ ದಡಿ, ಹೂವು ಚೆನ್ನಾಗಿದ್ದದ್ದು ನಡುವೆ. ನಟ್ಟನಡುವೆ ಅಂಗೈ ಅಗಲದ ಚೌಕ ಕೊಯ್ದು, ಮಡಿಕೆಯ ಗೆರೆ ತಪ್ಪದಂತೆ ಮಡಚಿ, ಚೀಟಿ ಮೇಲೆ ಬರುವಂತೆ ಇದ್ದಲ್ಲೇ ಇಟ್ಟ. ಕೆಲಸದ ಅಚ್ಚುಕಟ್ಟು ನೋಡಿ ಅವನಿಗೇ ಒಂದು ಗಳಿಗೆ ಹೆಮ್ಮೆಯಾಯಿತು.

ಸೀಟು ಕೂತವು. ಕಾರು ಅಂಗಡಿಯ ಗೋಡೆಯ ಮಾಡದಲ್ಲಿ ಅಡಗಿ ಕೂತು ಕೊನೆಯ ಹೊಳಪಿಗಾಗಿ ಕಾಯತೊಡಗಿತು. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಮುಂಜಾನೆ ಶೈಲಜಾ ಫೋನ್ ಇಟ್ಟವಳೇ ಮುಖವೆಲ್ಲ ನಗುವಾಗಿ ಬಂದಳು. ಮಗಳು ಗಂಗಾಳನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಈಗ ಏಳು ತಿಂಗಳ ಚೊಚ್ಚಲ ಬಸುರಿ. ಅತ್ತೆಮನೆಯವರು ಕುಬಸ ಮಾಡುವವರಿದ್ದರು, ಅಂದರೆ ಹಸಿರು ಸೀರೆ ಉಡಿಸಿ, ಹಸಿರು ಕುಪ್ಪಸ ತೊಡಿಸಿ ಆರತಿ ಮಾಡುವ ಸಂಭ್ರಮ.

"ಕೇಳಿದ್ರೇನ? ನಮ್ಮ ಹಸರ ಖಣ ಎಲ್ಲಿ ಹೋಗಿ ಮುಟ್ಟೇತಿ! ಶ್ರಾವಣದಾಗ ಕಿತ್ತೂರ ಸುಂದರಕ್ಕಗ ಉಡಿ ತುಂಬಿದ್ನೆಲ್ಲ? ಆಕಿ ಅದನ್ನ ಸವದತ್ತಿ ಭಾಗೀರಥಿಗೆ ಕೊಟ್ಟಾಳ. ಭಾಗೀರಥಿ ನಮ್ಮ ಬೀಗತಿಗೆ ಕೊಟ್ಟಾಳ. ಚೀಟಿ ಮ್ಯಾಲೆ ಐದ ಅಂಕಿ ಅಂದ ಕೂಡಲೆ ನಾ ಗುರುತ ಹಿಡದೆ."

"ಒಳ್ಳೇದಾತು. ತಿರಗಲಿ ಬಿಡ," ಅಂದ ಮಹಾಂತಪ್ಪ, ಚಹಾದ ಕಪ್ಪಿನ ಹಿಂದಿನಿಂದ.

"ಇನ್ನೆಲ್ಲಿ ತಿರಗತೈತಿ? ಗಂಗಾನ ಕುಬಸಕ್ಕ ಅದನ್ನ ಹೊಲಸ್ತಾರಂತ! ಅಂಥಾ ಹಸರ ಎಲ್ಲೂ ಸಿಗಲಿಲ್ಲಂತ. ನಾಳೆ ಮಧ್ಯಾನ ಟೇಲರನ್ನ ಮನೀಗೆ ಕರಸ್ಯಾರ."

ಮಹಾಂತಪ್ಪ ಕಪ್ಪು ಕೆಳಗಿಟ್ಟ. ಬೀಗತಿ ಕಾಡವ್ವ ಅಂದರೆ ಮಗನ ಮದುವೆಯಲ್ಲಿ ಒಂದು ಬಾಳೆಲೆಯ ತುದಿ ಹರಿದದ್ದಕ್ಕೆ ಇಡೀ ಪಂಕ್ತಿಯನ್ನು ಎಬ್ಬಿಸಿದವಳು. ಚೊಚ್ಚಲ ಬಸುರಿಯ ಕುಬಸಕ್ಕೆ ತೂತಿನ ಖಣ! ಶೈಲಜಾಳ ಮಾನ ಹೋಗುತ್ತದೆ, ಅದರ ಹಿಂದೆಯೇ ಹದಿನಾರು ಕಾರು ಗುಜರಿಗೆ.

"ನಾಳೆ ನಾವೂ ರಾಮದುರ್ಗಕ್ಕ ಹೋಗೂಣು," ಅಂದ.

ಬೀಗರ ಮನೆಗೆ ಬಾ ಎಂದರೆ ಹೊಟ್ಟೆನೋವು ತಂದುಕೊಳ್ಳುವ ಗಂಡ ತಾನಾಗಿ ಹೊರಟದ್ದು ನೋಡಿ ಶೈಲಜಾ ಅವನ ಹಣೆ ಮುಟ್ಟಿ ನೋಡಿದಳು. ಅವನು ಸಂತೆಪೇಟೆಗೆ ಓಡಿ ಹೊಸ ಹಸಿರು ಖಣವೊಂದನ್ನು ಕೊಂಡ. ಅಂಬಾಸಿಡರನ್ನು ಪೇಢೆಯ ಡಬ್ಬಿಗೆ ಇಳಿಸಿ ದಾರ ಕಟ್ಟಿದ. ಅಳಿಯ ಆಕಾಶನಿಗೆ ಕಾರು ತೋರಿಸಬೇಕು ಎಂಬುದು ನೆಪ. ಕಷ್ಟ ಬಂದರೆ ಕಾರೇ ಕಾಪಾಡಬೇಕು ಎಂಬುದು ಒಳಗಿನ ಮಾತು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ಹಂಪ್ ಬಂದಾಗಲೂ ಎರಡೂ ಕೈಯಿಂದ ಮೇಲಕ್ಕೆತ್ತಿ ಹಿಡಿಯುತ್ತ ಬಂದ. ಸಾಲಹಳ್ಳಿ ದಾಟುವಷ್ಟರಲ್ಲಿ ಎದುರು ಸೀಟಿನ ಮುದುಕಿ ಅದರಲ್ಲಿ ದೇವರಿದೆ ಎಂದು ತಿಳಿದು ಕೈಮುಗಿದಳು.

ಬೀಗರ ಪಡಸಾಲೆಯಲ್ಲಿ ಟೇಲರ್ ಲಗಮಪ್ಪ ಟೇಪು ಕೊರಳಿಗೆ ಹಾಕಿಕೊಂಡು ಆಗಲೇ ಕೂತಿದ್ದ. ಖಣ ಹೊರಸಿನ ಮೇಲೆ ಮಡಿಕೆಯಲ್ಲೇ ಇತ್ತು. ಮಹಾಂತಪ್ಪ ನೀರನ್ನೂ ಕುಡಿಯದೆ ಅದನ್ನು ಹಿಡಿದುಕೊಂಡ.

"ಬೀಗತ್ಯಾರ, ಇದು ಹಳೇದಾತ್ರಿ. ನಾ ಹೊಸಾದ ತಂದೇನಿ, ಇದನ್ನ ಹೊಲಸ್ರಿ."

"ಹಳೇದಾದ್ರೇನ್ರಿ ಬೀಗರ, ಈ ಹಸರ ಈಗ ಎಲ್ಲಿ ಬರತೈತಿ? ಇತ್ತ ತರ್ರಿ."

"ಬ್ಯಾಡ್ರಿ, ಹುಳಾ ಹತ್ತಿದ್ದೀತು."

"ಖಣಕ್ಕ ಹಿಂಗ ಜಿದ್ದ ಹಿಡದ ಗಂಡಸನ್ನ ನಾ ಎಲ್ಲೂ ಕಂಡಿಲ್ಲ ಬಿಡ್ರಿ!" ಎಂದು ಕಾಡವ್ವ ಒಂದು ತುದಿ ಎಳೆದಳು. ಇವನು ಇನ್ನೊಂದು ತುದಿ ಬಿಡಲಿಲ್ಲ. ಎಷ್ಟೋ ವರ್ಷದ ಮಡಿಕೆ ಇಬ್ಬರ ನಡುವೆ ಪಟಪಟನೆ ಬಿಚ್ಚಿಕೊಂಡಿತು. ನಡುವಿನ ಚೌಕದಲ್ಲಿ, ಕಟ್ಟು ಹಾಕಿಸಿದ ಫೋಟೋದಂತೆ, ಕಾಡವ್ವನ ಮುಖ ಮೂಗುಬೊಟ್ಟಿನ ಸಮೇತ ಕಂಡಿತು.

"ಅಯ್ಯ ಶಿವನ! ಚೊಚ್ಚಲ ಬಸರಿಗೆ ತೂತಿನ ಖಣ! ಯಾರ ಮನೀದಿದು?"

ಶೈಲಜಾಳ ಮುಖ ಬಿಳುಪೇರಿತು. "ನಾ ಕೊಟ್ಟಾಗ ಸರಿ ಇತ್ರಿ. ಸುಂದರಕ್ಕನ್ನ ಕೇಳ್ತೇನಿ ತಡೀರಿ," ಎಂದು ಫೋನ್ ತೆಗೆದಳು. ಕಾಡವ್ವ ಭಾಗೀರಥಿಗೆ ಫೋನ್ ಹಚ್ಚತೊಡಗಿದಳು. ಇನ್ನರ್ಧ ನಿಮಿಷದಲ್ಲಿ ನಾಲ್ಕು ತಾಲೂಕಿನ ಹೆಂಗಸರು ಜಗಳಕ್ಕೆ ನಿಲ್ಲುವವರು. ಮಹಾಂತಪ್ಪನ ಬಗ್ಗೆ ಏನೇ ಹೇಳಿ, ಆ ಹೊತ್ತಿನಲ್ಲಿ ಅವನು ಗಂಡಸಾಗಿ ನಿಂತ.

"ಯಾರಿಗೂ ಫೋನ್ ಹಚ್ಚಬ್ಯಾಡ್ರಿ. ಕೊಯ್ದಾಂವ ನಾನ."

ದಾರ ಬಿಚ್ಚಿ ಕಾರನ್ನು ಹೊರಸಿನ ಮೇಲೆ ಇಟ್ಟ. ಎಲ್ಲರೂ ಬಾಗಿದರು. ಕಾಡವ್ವ ಉಗುರಿನ ತುದಿಯಿಂದ ಮುಟ್ಟಿದಳು, ಬಾಗಿಲು ತೆರೆಯಿತು. "ಅಯ್ಯ, ಬಾಗಲಾ ತೆರೀತೈತೆಲ್ಲೋ!" ಅಂದಳು. ಒಳಗೆ ಗೇರು, ಗೇರಿಗೆ ಗುಂಡು, ಹಿಂದೆ ಪರದೆ, ಹಸಿರು ಸೀಟಿನ ಮೇಲೆ ಮಿಣಮಿಣ ಹೂವು. ಕಾಡವ್ವನ ಸಿಟ್ಟು ಎಲ್ಲಿ ಇಳಿಯಿತೋ ಆಕೆಗೇ ಗೊತ್ತಾಗಲಿಲ್ಲ. "ಬೀಗರ, ನಿಮ್ಮ ಕೈಯಾಗ ಏನೋ ಐತಿ ಬಿಡ್ರಿ," ಎಂದು ಸೋತು ಕೂತಳು. ಲಗಮಪ್ಪ ಮಾತ್ರ ಕಾರು ಬಿಟ್ಟು ಖಣದ ತೂತನ್ನೇ ನೋಡುತ್ತಿದ್ದ. "ಒಂದ ಎಳಿ ಎದ್ದಿಲ್ರಿ! ನಾ ಮೂವತ್ತ ವರ್ಷ ಕತ್ತರಿ ಹಿಡದೇನಿ, ನನಗ ಹಿಂಗ ಬರಂಗಿಲ್ಲ. ಚಿಂತಿ ಬಿಡ್ರಿ ಅವ್ವಾರ, ಕುಬಸದ ಕೊರಳಿಗೆ ನಾ ಹೆಂಗೂ ಕೊಯ್ಯಬೇಕಿತ್ತು. ತೂತ ಕೊರಳಿಗೇ ಬರತೈತಿ."

ಮಹಾಂತಪ್ಪ ಎರಡು ಬೆರಳು ಎತ್ತರವಾದ.

"ಯಾರದ್ರೀ ಇದು ಕಾರ?" ಕಾಡವ್ವ ಕೇಳಿದಳು.

ಇಷ್ಟು ದಿನ ಕಾದದ್ದು ಈ ಪ್ರಶ್ನೆಗೇ. ಹೆಂಡತಿಯ ಕಡೆ ಓರೆಗಣ್ಣು ಹಾಯಿಸಿ, "ಈಕಿನ್ನ ಲಗ್ನಾ ಮಾಡಿಕೊಂಡ ಚಚಡಿಯಿಂದ ಕರಕೊಂಡ ಬಂದ ಕಾರ್ರಿ. ಒಂದ ಸ್ಕ್ರೂ ಹೆಚ್ಚಿಲ್ಲ, ಒಂದ ಕಡಿಮಿ ಇಲ್ಲ. ಇದ್ದದ್ದ ಇದ್ದಂಗ," ಅಂದ.

ಶೈಲಜಾ ಕಾರನ್ನು ಅಂಗೈ ಮೇಲೆ ತೆಗೆದುಕೊಂಡಳು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ದೀಪದ ಸೀಳನ್ನು ಬೆರಳಿಂದ ಸವರಿದಳು. "ಭಾಳ ಚಂದ ಮಾಡೀರಿ," ಅಂದಳು. "ಖರೇನ ಹೇಳ್ತೇನಿ, ಭಾಳ ಚಂದ ಆಗೇತಿ. ಒಳಗ ಹಿಂಗಿತ್ತೇನ್ರಿ ಅದು? ಹಸರ ಸೀಟ ಇದ್ದುವೇನ?"

"ಇದ್ದುವಲ್ಲ! ನಿನಗ ನೆನಪಿಲ್ಲೇನ?"

"ನಾ ಎಲ್ಲಿ ನೋಡೇನ್ರಿ? ನಾ ಅದ್ರಾಗ ಕುಂತಿದ್ರ ನೋಡ್ತಿದ್ದೆ."

ಶೈಲಜಾ ಬೀಗತಿಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮಹಾಂತಪ್ಪನಿಗೆ ಅದೇ ಹೆದರಿಕೆಯಾಯಿತು.

"ನಾ ಇನ್ನೇನ ಕಾರ ಹತ್ತಬೇಕು, ಅಷ್ಟರಾಗ ಇವರ ಅಜ್ಜಿ 'ಟ್ರ್ಯಾಕ್ಟರದಾಗ ನನಗ ಚಕ್ಕರ ಬರತೈತಿ' ಅಂದ್ರು. ಭರಮಪ್ಪ ಮಾವಾರು ಅಜ್ಜಿನ್ನ, ಇಬ್ಬರು ಅತ್ತಿಗೋಳನ್ನ ಹಿಂದ ಕುಂಡ್ರಿಸಿದ್ರು, ನನಗ ಜಾಗಾ ಉಳೀಲಿಲ್ಲ. ನಾ ಹಿಂದಿಂದ ಟ್ರಾಲಿಯೊಳಗ ಬಂದೆ, ಹಂಡೆ, ಹಾಸಗಿ, ತಾಟು-ಗಂಗಾಳದ ಜೋಡಿ. ಇವರು ಡ್ರೈವರ ಬಾಜೂಕ ಕುಂತ ಗೇರ ನೋಡಕೋತ ಬಂದ್ರು. ಮನಿ ಮುಟ್ಟೂತನಾ ಹಿಂದ ಹೊಳ್ಳಿ ನೋಡಿಲ್ಲ ಪುಣ್ಯಾತ್ಮ."

ಮಹಾಂತಪ್ಪ ನೆನಪು ಮಾಡಿಕೊಂಡ. ಗೇರಿನ ಬಿಳಿ ಗುಂಡು ಕಂಡಿತು. ಡ್ರೈವರನ ಕೈ ಕಂಡಿತು. ಮೀಟರಿನ ಮುಳ್ಳು ನಲವತ್ತರ ಮೇಲೆ ನಡುಗಿದ್ದು ಕಂಡಿತು. ಹಿಂದೆ? ಹಿಂದೆ ದಾರಿಯುದ್ದಕ್ಕೂ ಯಾರೋ ಕೆಮ್ಮುತ್ತಿದ್ದರು. ಇಪ್ಪತ್ತರ ಮದುವಣಗಿತ್ತಿ ಹಾಗೆ ಕೆಮ್ಮುವುದಿಲ್ಲ ಎಂಬುದು ಅವನಿಗೆ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಕಾಡವ್ವ ನಕ್ಕ ನಗೆಗೆ ಗಂಗಾ ಒಳಗಿನಿಂದ ಹೊಟ್ಟೆ ಹಿಡಿದುಕೊಂಡು ಓಡಿ ಬಂದಳು.

ಕುಬಸ ಸಾಂಗವಾಗಿ ನಡೆಯಿತು. ಕಪಾಟು ಗುಜರಿಗೆ ಹೋಗಲಿಲ್ಲ. ಶೈಲಜಾ ಒಂದೇ ಒಂದು ಕರಾರು ಹಾಕಿದ್ದಳು: ಕಾರಿನ ಹಿಂದೆ ಆ ಟ್ರ್ಯಾಕ್ಟರು, ಟ್ರಾಲಿ ಬರಬೇಕು, ಟ್ರಾಲಿಯಲ್ಲಿ ತಾನಿರಬೇಕು. ಈಗ ಆಕೆ ದಿನಾ ಸಂಜೆ ಚಾಳೀಸು ಹಾಕಿಕೊಂಡು ಗಂಡನ ಪಕ್ಕ ಕೂಡುತ್ತಾಳೆ. ಹಂಡೆ ಎಲ್ಲಿತ್ತು, ಹಾಸಿಗೆಗೆ ಯಾವ ಹಗ್ಗ ಬಿಗಿದಿತ್ತು, ಎಲ್ಲ ಆಕೆಯ ಬಾಯಲ್ಲೇ ಇದೆ. ಟ್ರಾಲಿ ಎರಡು ತಿಂಗಳಲ್ಲಿ ಮುಗಿಯಿತು, ನೋಡಿದವರು ಬಾಯಿಬಿಡುವಂತೆ ಮುಗಿಯಿತು. ತೊಡಕಾದದ್ದು ಮದುಮಗಳು. ಜೀವನದಲ್ಲಿ ಕಾರು ಬಿಟ್ಟು ಮನುಷ್ಯರನ್ನು ಮಾಡದ ಮಹಾಂತಪ್ಪ ಕಡಲೆ ಕಾಳಿನಷ್ಟು ಮುಖ ತಿದ್ದಿ, ತುಟಿಗೆ ಒಂದು ನಗು ಬರೆದು ತೋರಿಸಿದ.

"ನಗು ತಗೀರಿ. ಅವತ್ತ ನಾ ನಗಲಿಲ್ಲ."

ಎರಡನೆಯ ಮುಖ ಮಾಡಿದ. "ಇಷ್ಟ ಸಿಟ್ಟ ಇರಲಿಲ್ರಿ."

ಮೂರನೆಯದಕ್ಕೆ ಕಣ್ಣಲ್ಲಿ ವಾರ್ನಿಶಿನ ಒಂದು ಹನಿ ಇಟ್ಟ. "ಅಳಲೂ ಇಲ್ಲ."

ನಾಲ್ಕನೆಯದನ್ನೂ ಆಕೆ ತಲೆಯಲ್ಲಾಡಿಸಿ ಕೆಳಗಿಟ್ಟಾಗ ಮಹಾಂತಪ್ಪನ ತಾಳ್ಮೆ ಮುಗಿಯಿತು. "ಮತ್ತ ಹೆಂಗಿದ್ದೀ ಮಾರಾಯ್ತಿ, ಅದನ್ನರ ಹೇಳ!"

"ಹೊಳ್ಳಿ ನೋಡಿದ್ರ ನಿಮಗ ಗೊತ್ತಿರತಿತ್ತು," ಅಂದಳು ಶೈಲಜಾ.

ಮಹಾಂತಪ್ಪ ಬ್ರಶ್ಶು ತೊಳೆದುಕೊಂಡು ಐದನೆಯ ಮುಖಕ್ಕೆ ಕೈಹಾಕಿದ.