ಹದಿನೆಂಟು ಡಿಗ್ರಿ ತೋರಿಸಿದ ಫಲಕದ ಸನ್ನಿಧಿಗೆ

ನಮ್ಮ ಬಡಾವಣೆಯ ಕೂಡುರಸ್ತೆಯ ಕಂಬದ ಮೇಲೆ ಹಗಲೂ ರಾತ್ರಿಯೂ ಕೆಂಪಗೆ ಮಿನುಗುತ್ತಿರುವ, ಎಂದೂ ಬೆವರದ, ಎಂದೂ ಬಾಯಾರದ ಮಾನ್ಯ ತಾಪಮಾನ ಫಲಕದವರೇ,

ಯಾದಗಿರಿಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಈಶಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ದಯಮಾಡಿ ಮಾತಿಗಷ್ಟೇ ತೆಗೆದುಕೊಳ್ಳಬೇಕು. ಈ ಮೇ ತಿಂಗಳಲ್ಲಿ ತಮ್ಮೆದುರಿನ ಡಾಂಬರಿನ ಮೇಲೆ ನಿಜವಾಗಿಯೂ ಅಡ್ಡಬಿದ್ದರೆ ನಾನು ಎದ್ದು ಬಂದರೂ ನನ್ನ ಅಂಗಿಯ ಗುಂಡಿಗಳು ಅಲ್ಲೇ ಉಳಿದುಬಿಡುತ್ತವೆ. ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಹೇಗಿದ್ದೇವೆಂಬುದು ಮಾತ್ರ ತಮಗೆ ಬಹಳ ದಿನ ಗೊತ್ತಾಗಲಿಲ್ಲವಾದ್ದರಿಂದ ಈ ಬಹಿರಂಗ ಪತ್ರವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ತಾವು ನಮ್ಮೂರಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯವರೊಬ್ಬರು ಗುಂಡಿ ಒತ್ತಿದ ಕೂಡಲೇ ತಮ್ಮ ಹಣೆಯ ಮೇಲೆ ಮೂವತ್ತೊಂಬತ್ತು ಎಂಬ ಅಂಕಿ ಮೂಡಿತು, ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ತಲೆತಲಾಂತರದಿಂದ ಬಿಸಿಲಿಗೆ ಬೈಯುತ್ತ ಬಂದ ಯಾದಗಿರಿಯ ಜನ ಬಿಸಿಲಿಗೇ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಅದುವರೆಗೆ ನಮ್ಮ ಸೆಕೆ ಬರೀ ನಮ್ಮ ನಮ್ಮ ಮೈಯ ಖಾಸಗಿ ಸಂಗತಿಯಾಗಿತ್ತು. ತಾವು ಬಂದ ಮೇಲೆ ಅದಕ್ಕೊಂದು ಅಧಿಕೃತ ಸ್ಥಾನಮಾನ ಸಿಕ್ಕಿತು.

ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮ ಅಂಗಡಿಯ ಮಾಲೀಕರಾದ ಪಂಪಣ್ಣ ಸಾಹುಕಾರರು. ಅವರು ಒಳ್ಳೆಯವರು, ಆದರೆ ಮನುಷ್ಯ ಬಾಯಲ್ಲಿ ಹೇಳಿದ್ದನ್ನು ನಂಬದೆ, ಯಂತ್ರ ತೋರಿಸಿದ್ದನ್ನು ತಕ್ಷಣ ನಂಬುವ ಸ್ವಭಾವದವರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವರು ಅಂದೇ ಘೋಷಿಸಿದರು: “ಇನ್ನ ಮ್ಯಾಲ ಬಿಸಲಿನ ಬಗ್ಗೆ ಯಾರೂ ನನ್ನ ಕೂಡ ವಾದ ಮಾಡಬ್ಯಾಡ್ರಿ. ಬೋರ್ಡಿನ್ಯಾಗ ನಲವತ್ತು ದಾಟ್ತಂದ್ರ ಮಧ್ಯಾಹ್ನ ಅಂಗಡಿ ಬಂದ್. ಉಂಡು ಮಲಗಿ ಸಂಜಿಗಿ ಬರ್ರಿ.” ಲಾರಿಯಿಂದ ಗೋದಾಮಿಗೆ ಗೊಬ್ಬರದ ಚೀಲ ಹೊರುವ ನಮ್ಮ ಹಮಾಲ ಅಂಬಣ್ಣ ಇದನ್ನು ಕೇಳಿ, ಬೆನ್ನ ಮೇಲಿದ್ದ ಚೀಲ ಇಳಿಸಿ ಎರಡೂ ಕೈ ಜೋಡಿಸಿದ. ಜೋಡಿಸಿದ್ದು ಸಾಹುಕಾರರಿಗಲ್ಲ, ತಮಗೆ. ಆಮೇಲೆ ತಾವು ನಲವತ್ತೊಂದು, ನಲವತ್ತೆರಡು ತೋರಿಸಿದ ಮಧ್ಯಾಹ್ನಗಳಲ್ಲಿ ನಾವು ಮಾಡಿದ ನಿದ್ದೆಯ ಋಣವನ್ನು ಈ ಜನ್ಮದಲ್ಲಿ ತೀರಿಸಲಾರೆವು.

ಹೀಗಿರಲು, ಒಂದು ದಿನ ನಡುಮಧ್ಯಾಹ್ನ, ಓಣಿಯ ನಾಯಿಗಳು ಮಾನ ಮರ್ಯಾದೆ ಬಿಟ್ಟು ಗಟಾರದಲ್ಲಿ ಕುತ್ತಿಗೆಯವರೆಗೆ ಕುಳಿತಿದ್ದ ಹೊತ್ತಿನಲ್ಲಿ, ತಾವು ಹದಿನೆಂಟು ಡಿಗ್ರಿ ಎಂದು ತೋರಿಸಿದಿರಿ. ಮೊದಲು ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಆಮೇಲೆ ಕನ್ನಡಕ ತೆಗೆದು ನೋಡಿದೆ. ತಾವು ಕದಲಲಿಲ್ಲ.

ಊರ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ಬಿತ್ತರಿಸುವ, ವರದಿಗಾರನೂ ಸಂಪಾದಕನೂ ತಾನೇ ಆಗಿರುವ ಚೇತನಕುಮಾರ ಕೂಡಲೇ ತಮ್ಮ ಬುಡಕ್ಕೆ ಬಂದು ನೇರಪ್ರಸಾರ ಶುರುಮಾಡಿದ. “ವೀಕ್ಷಕರೇ, ಇದು ಊಟಿಯಲ್ಲ, ಕೊಡೈಕೆನಾಲ್ ಅಲ್ಲ, ನಮ್ಮ ಹೆಮ್ಮೆಯ ಯಾದಗಿರಿ! ತಣ್ಣನೆಯ ಗಾಳಿಗೆ ಜನ ಗಡಗಡ ನಡುಗುತ್ತಿದ್ದಾರೆ!” ಎಂದು ಆತ ಹೇಳುತ್ತಿರುವಾಗ ಹಣೆಯ ಬೆವರು ಕಣ್ಣಿಗಿಳಿದು, ಎರಡೂ ಕಣ್ಣು ಮುಚ್ಚಿಕೊಂಡೇ ಸುದ್ದಿ ಮುಗಿಸಬೇಕಾಯಿತು. ಶಹಾಪುರ, ಸುರಪುರದ ಜನರೂ ಅದನ್ನು ನೋಡಿ ಹೊಟ್ಟೆಕಿಚ್ಚುಪಟ್ಟರಂತೆ. ಅವರ ಊರಿನಲ್ಲಿ ಫಲಕವಿಲ್ಲ. ಆದ್ದರಿಂದ ಅವರಿಗೆ ಹಳೆಯ ಸೆಕೆಯೇ ಗತಿ.

ಸಾಹುಕಾರರು ಹೊರಗೆ ಬಂದು ತಮ್ಮನ್ನು ನೋಡಿ, ಒಳಗೆ ಹೋಗಿ, ಫ್ಯಾನು ಆರಿಸಿದರು.

“ಹದಿನೆಂಟಕ್ಕ ಯಾರರ ಫ್ಯಾನ್ ಹಾಕ್ತಾರೇನು? ನೆಗಡಿ ಆದ್ರ ದವಾಖಾನಿಗಿ ಯಾರು ಒಯ್ಯಬೇಕು?”

“ಸಾವ್ಕಾರ್ರ, ನಿಮ್ಮ ಅಂಗಿ ಹಿಂಡಿದ್ರ ಕೊಡ ತುಂಬ್ತದಲ್ರಿ,” ಎಂದೆ.

“ಇದು ಬೆವರಲ್ಲೋ ಈಶಪ್ಪ, ಮಂಜು,” ಎಂದರು.

ಇಷ್ಟರಲ್ಲೇ ಮುಗಿದಿದ್ದರೆ ನಾನು ತಮಗೆ ಪತ್ರ ಬರೆಯುತ್ತಿರಲಿಲ್ಲ. ಆದರೆ ಕೊಂಕಲ್‌ನಲ್ಲಿರುವ ನನ್ನ ತಾಯಿ ಮೋನಮ್ಮ ಪಕ್ಕದ ಮನೆಯವರ ಮೊಬೈಲಿನಲ್ಲಿ ತಮ್ಮ ದರ್ಶನ ಪಡೆದು, ಮಗ ಚಳಿಗೆ ಸಾಯುತ್ತಾನೆಂದು ಗಾಬರಿಯಾಗಿ, ಮರುದಿನವೇ ಬಸ್ಸು ಹತ್ತಿದಳು. ಬಗಲಲ್ಲಿ ಕೌದಿ, ಕೈಯಲ್ಲಿ ಉಣ್ಣೆಯ ಸ್ವೆಟರ್, ಸೀರೆಯ ಗಂಟಿನಲ್ಲಿ ಒಣಶುಂಠಿ. ಬಾಗಿಲಲ್ಲಿ ನಿಂತಾಗ ಅವಳ ಮುಖ ಹಣ್ಣು ಮೆಣಸಿನಕಾಯಿಯಂತೆ ಕೆಂಪಗಾಗಿತ್ತು.

“ಯವ್ವಾ, ಇಂಥಾ ಬಿಸಲಾಗ ಯಾಕ ಬರಾಕ ಹೋದಿ?”

“ಬಿಸಲು ಕೊಂಕಲ್‌ದಾಗ ಅದಪ್ಪಾ. ಇಲ್ಲಿ ಹದಿನೆಂಟಂತ, ಮೊಬೈಲ್‌ನ್ಯಾಗ ಹೇಳ್ಯಾರ.”

“ಇಲ್ಲೂ ಅಷ್ಟೇ ಅದ. ಬೇಕಾದ್ರ ನನ್ನ ಹಣಿ ಮುಟ್ಟಿ ನೋಡು.”

ಅವಳು ಮುಟ್ಟಿ ನೋಡಿದಳು. ಕೆಂಡದಂತೆ ಸುಡುತ್ತಿತ್ತು. “ನೋಡಿದಿ? ಆಗ್ಲೇ ಜ್ವರಾ ಬಂದಾವ!” ಎಂದು ಕೂಗಿ, ನನಗೆ ಸ್ವೆಟರ್ ತೊಡಿಸಿಯೇ ಬಿಟ್ಟಳು. ಅದನ್ನು ತೆಗೆದರೆ ತಾನು ಊಟ ಬಿಡುವುದಾಗಿಯೂ ಹೇಳಿದಳು. ಹೀಗೆ ನಾನು, ಯಾದಗಿರಿಯ ಮೇ ತಿಂಗಳಲ್ಲಿ, ಮೈತುಂಬ ಉಣ್ಣೆ ತೊಟ್ಟು ಕೆಲಸಕ್ಕೆ ಹೋದೆ. ದಾರಿಯಲ್ಲಿ ಜನ ನನಗೆ ಜಾಗ ಬಿಟ್ಟು ಸರಿದು ನಿಂತರು. ಹುಚ್ಚರಿಗೂ ದೊಡ್ಡ ಅಧಿಕಾರಿಗಳಿಗೂ ಮಾತ್ರ ಸಿಗುವ ಆ ಗೌರವವನ್ನು ನನಗೆ ದೊರಕಿಸಿದ್ದಕ್ಕಾಗಿ ತಮಗೆ ಪ್ರತ್ಯೇಕ ವಂದನೆಗಳು.

ಸಾಹುಕಾರರಿಗೆ ನನ್ನನ್ನು ಕಂಡು ಹಿಗ್ಗು. “ತಾಯಿ ಮಾತು ಕೇಳವ ಅಂದ್ರ ಹಿಂಗಿರಬೇಕು,” ಎಂದು ತಾವೂ ಪೆಟ್ಟಿಗೆಯಿಂದ ಮಫ್ಲರ್ ತೆಗೆದು ಕಿವಿಗೆ ಸುತ್ತಿಕೊಂಡರು. ಅದೇ ಹೊತ್ತಿಗೆ ಅಂಗಡಿಯ ಮುಂದೆ ಗೊಬ್ಬರದ ಲಾರಿ ಬಂದು ನಿಂತಿತು. ನಲವತ್ತು ದಾಟದ ಮೇಲೆ ರಜೆಯಿಲ್ಲವಲ್ಲ. ಅಂಬಣ್ಣ ಚೀಲ ಹೊರತೊಡಗಿದ. ಕೆಲವು ಚೀಲ ಹೊತ್ತಿದ್ದನೋ ಇಲ್ಲವೋ, ಅವನ ಕಣ್ಣು ಕತ್ತಲೆಗಟ್ಟಿ ಗೋದಾಮಿನ ಬಾಗಿಲು ಹಿಡಿದು ಹಾಗೇ ಕುಸಿದು ಕುಳಿತ. ನಾನು ಓಡಿಹೋಗಿ ನೀರು ಕುಡಿಸಿದೆ. ಸುಧಾರಿಸಿಕೊಂಡ ಮೇಲೂ ಅವನು ಏಳಲಿಲ್ಲ.

“ಯಾಕೋ ಅಂಬಣ್ಣ, ಹದಿನೆಂಟಕ್ಕಽ ಹಿಂಗ ಕುಂತ್ರ ಹೆಂಗ?” ಎಂದರು ಸಾಹುಕಾರರು.

“ಸಾವ್ಕಾರ್ರ, ಚೀಲಾ ಬೋರ್ಡ್ ಹೊರಂಗಿಲ್ಲ. ನಾ ಹೊರ್ತೀನಿ,” ಎಂದ ಅಂಬಣ್ಣ.

ಎದುರು ಮಾತಾಡಿದ ಹಮಾಲನ ಕೆಲಸ ಇವತ್ತಿಗೆ ಹೋಯಿತೆಂದೇ ನಾನು ಹೆದರಿದೆ. ಸಾಹುಕಾರರ ಮುಖ ಮಫ್ಲರಿನೊಳಗೆ ಇನ್ನಷ್ಟು ಕೆಂಪಾಯಿತು. “ಬೋರ್ಡ್ ಸುಳ್ಳು ಅಂತೀಯೇನು? ನಡೀರಿ ಎಲ್ಲಾರೂ. ಅದರ ಬುಡಕ್ಕಽ ಹೋಗಿ, ಮಫ್ಲರ್ ಸುತ್ಕೊಂಡು ನಿಂತು ತೋರಿಸ್ತೀನಿ. ಆ ಚೇತನಕುಮಾರಗೂ ಫೋನ್ ಮಾಡು, ಊರೆಲ್ಲಾ ನೋಡ್ಲಿ. ನನಗ ಸೆಕಿ ಆದ್ರ ನಿನಗ ರಜಾ, ಆಗದಿದ್ರ ನೀ ಇನ್ನ ಕೆಲಸಕ್ಕ ಬರಬ್ಯಾಡ.”

ಹೀಗೆ ನಾವೆಲ್ಲ ತಮ್ಮ ಪಾದಮೂಲಕ್ಕೆ ಬಂದೆವು. ತಮ್ಮ ಕಂಬಕ್ಕೆ ಆತುಕೊಂಡೇ ಶರೀಫಾಬೀ ಎಂಬ ಹೆಂಗಸಿನ ಲಿಂಬು ಶರಬತ್ತಿನ ಬಂಡಿ ನಿಲ್ಲುತ್ತದೆಂಬುದು ಅಷ್ಟು ಎತ್ತರದಲ್ಲಿರುವ ತಮಗೆ ತಿಳಿದಿರಲಿಕ್ಕಿಲ್ಲ. ನನ್ನ ತಾಯಿಯೂ ಶುಂಠಿ ಕಷಾಯದ ತಂಬಿಗೆ ಹಿಡಿದು ನನ್ನನ್ನು ಹುಡುಕುತ್ತ ಅಲ್ಲಿಗೇ ಬಂದು, ಬಂಡಿಯ ನೆರಳಲ್ಲಿ ಕೂತು, ಕಷಾಯ ಬದಿಗಿಟ್ಟು ಶರಬತ್ತು ಕುಡಿಯುತ್ತಿದ್ದಳು. ಚೇತನಕುಮಾರ ಮೊಬೈಲ್ ಎತ್ತಿ ಹಿಡಿದ. ಸಾಹುಕಾರರು ಎದೆಯುಬ್ಬಿಸಿ ನಿಂತರು.

“ಯಾದಗಿರಿ ಮಹಾಜನರೇ, ನನಗ ಸೆಕಿ ಅನ್ನೋದು ಚೂರೂ ಇಲ್ಲ. ಖರೇ ಹೇಳ್ಬೇಕಂದ್ರ ಸಣ್ಣಗ ಚಳಿ ಹತ್ತ್ಯಾದ. ಕೈ ಕಾಲು ತಣ್ಣಗ ಆಗಾಕತ್ತಾವ. ಕಣ್ಣ ಮುಂದ ಬೆಳ್ಳಗ ಮಂಜು...”

ಮಂಜು ಎನ್ನುತ್ತಲೇ ಬುಡ ಕಡಿದ ಜೋಳದ ದಂಟಿನಂತೆ ಪಕ್ಕಕ್ಕೆ ವಾಲಿದರು. ಕೆಳಗೆ ಬೀಳದಂತೆ ಹಿಡಿದುಕೊಂಡವನು ಅಂಬಣ್ಣ. ಮಾನ್ಯರೇ, ಇಷ್ಟು ಹೊತ್ತು ನಗುತ್ತ ಬರೆದ ನನಗೆ ಆ ಗಳಿಗೆಯಲ್ಲಿ ಮಾತ್ರ ನಗು ಬರಲಿಲ್ಲ. ಅವರ ತುಟಿ ಬೆಳ್ಳಗಾಗಿತ್ತು, ಕರೆದರೆ ಓಗೊಡಲಿಲ್ಲ. ನನ್ನ ಸ್ವೆಟರ್ ಕಿತ್ತು ಮಡಚಿ ಅವರ ತಲೆಯ ಕೆಳಗಿಟ್ಟೆ. ತಾಯಿ ಶರಬತ್ತಿನ ಲೋಟ ಬಿಸುಟು ಓಡಿಬಂದು ಮಫ್ಲರ್ ಬಿಚ್ಚತೊಡಗಿದಳು.

“ಯಾ ಅಲ್ಲಾ! ಗಾಳಿ ಬಿಡ್ರಿ, ದೂರ ಸರೀರಿ!” ಎಂದು ಶರೀಫಾಬೀ ಕೂಗಿದಳು. ಬಂಡಿಯ ಹಿಂದೆ, ಕಂಬಕ್ಕೆ ಬಿಗಿದಿದ್ದ ಒಂದು ಬಿಳಿ ಡಬ್ಬಿಯ ಮೇಲೆ ನೇತುಹಾಕಿದ್ದ ಐಸಿನ ಗೋಣಿಚೀಲವನ್ನು ಕಿತ್ತು ತಂದು ಸಾಹುಕಾರರ ನೆತ್ತಿಯ ಮೇಲಿಟ್ಟಳು. ಮತ್ತೊಂದು ಕೈಯಲ್ಲಿ ರಟ್ಟು ಹಿಡಿದು ಗಾಳಿ ಬೀಸತೊಡಗಿದಳು.

ಆಗ ಮೇಲೆ ನೋಡಿದ್ದು ಚೇತನಕುಮಾರ. “ಏ, ಬೋರ್ಡ್ ನೋಡ್ರಿ, ಬೋರ್ಡ್!” ತಾವು ಇಪ್ಪತ್ತಾಗಿದ್ದಿರಿ. ನೋಡುತ್ತಿದ್ದಂತೆ ಇಪ್ಪತ್ತಾರಾದಿರಿ. ಮೂವತ್ತೆರಡು, ಮೂವತ್ತೇಳು. ಜನ ಹರಾಜು ಕೂಗಿದಂತೆ ಕೂಗುತ್ತಿದ್ದರು. ನಲವತ್ತನ್ನು ದಾಟಿದಾಗ ಅಂಬಣ್ಣ ಸಾಹುಕಾರರ ಕಾಲು ತಿಕ್ಕುತ್ತಿದ್ದ ಕೈಯನ್ನು ಒಂದು ಕ್ಷಣ ಬಿಟ್ಟು ತಮಗೆ ಮುಗಿದ. ನಲವತ್ತನಾಲ್ಕಕ್ಕೆ ಬಂದು ತಾವು ನಿಂತಿರಿ. ತಮ್ಮ ಮೂಗು ಎಲ್ಲಿದೆಯೆಂದು ಊರಿಗೆ ಗೊತ್ತಾದದ್ದು ಆಗಲೇ: ಆ ಬಿಳಿ ಡಬ್ಬಿಯೇ ಸೆಕೆಯನ್ನು ಅಳೆಯುವುದು, ಹದಿನೆಂಟು ಮೂಡಿದ ದಿನದಿಂದ ಶರೀಫಾಬೀ ಅದಕ್ಕೆ ಐಸಿನ ಚೀಲ ತೂಗುಹಾಕುತ್ತಿದ್ದಳು. “ಛಲೋ ಮೊಳಿ ಇತ್ತಪ್ಪಾ, ತೂಗ್ಹಾಕಿದೆ. ಅದು ಬೋರ್ಡಿಂದಂತ ನನಗೇನ್ ಗೊತ್ತು?” ಎಂದಳು ಆಕೆ.

ಸಾಹುಕಾರರು ನಿಧಾನವಾಗಿ ಕಣ್ಣು ಬಿಟ್ಟರು. ನಾವೆಲ್ಲ ಬಾಗಿ ನಿಂತು ಕಾದೆವು. “ಫ್ಯಾನ್ ಯಾರು ಹಾಕ್ಯಾರ? ಬಂದ್ ಮಾಡ್ರಿ,” ಎಂದರು. ಮನುಷ್ಯ ಬದುಕಿದ್ದಾನೆಂದು ಎಲ್ಲರಿಗೂ ಖಾತ್ರಿಯಾಯಿತು.

ತಮ್ಮ ಮೇಲ್ವಿಚಾರಣೆಯವರು ಇಬ್ಬರು ಬಂದದ್ದು ಮರುದಿನ. ಯಂತ್ರಕ್ಕೆ ಅಡಚಣೆ ಮಾಡಿದ ಬಂಡಿಯನ್ನು ತಕ್ಷಣ ತೆಗೆಯಬೇಕೆಂದು ಶರೀಫಾಬೀಗೆ ಹೇಳಿದರು.

“ನಾ ಬಂದಾಗ ಇಲ್ಲಿ ಈ ಕಂಬಾನೇ ಇರ್ಲಿಲ್ಲರಿ. ಅದಾ ಬಂದು ನನ್ನ ಬಾಜೂಕ ನಿಂತದ. ಈಗ ನಾ ಎಲ್ಲಿಗಿ ಹೋಗ್ಲಿ?” ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ತಲೆಯ ಮೇಲೆ ಒದ್ದೆ ಟವೆಲ್ ಹೊದ್ದು ಸಾಹುಕಾರರು ಬಂದರು. “ಬೋರ್ಡಿಗಿ ತ್ರಾಸ್ ಆಗ್ತದಂದ್ರ ಬೋರ್ಡ್ ಸರೀಲಿ,” ಎಂದರು. ಬೋರ್ಡು ಸರಿಯಬೇಕಾದರೆ ಮೇಲಿನಿಂದ ಆದೇಶ ಬರಬೇಕೆಂದು ಬಂದಿದ್ದ ಇಬ್ಬರೂ ಹೇಳಿದರು. “ಹಂಗಾರ ಆಕಿ ನನ್ನ ಅಂಗಡಿ ಮುಂದ ಬೇವಿನ ಗಿಡದ ನೆಳ್ಳಾಗ ನಿಲ್ತಾಳ. ಅಲ್ಲಿ ನನ್ನ ಆದೇಶ ಸಾಕು. ನಿನ್ನಿ ಆಕಿ ಐಸ್ ಇಡದಿದ್ರ ಇವತ್ತ ನೀವು ನನ್ನ ಫೋಟೋಕ್ಕ ಹಾರ ಹಾಕಾಕ ಬರ್ತಿದ್ರಿ,” ಎಂದು ತಾವೇ ಬಂಡಿಯ ಹಿಡಿಕೆಗೆ ಕೈಹಾಕಿದರು. ಅಂಬಣ್ಣ ಹಿಂದಿನಿಂದ ನೂಕಿದ. ದಾರಿಯಲ್ಲಿ ಸಾಹುಕಾರರು ಹಿಂದಿರುಗಿ ನೋಡದೆಯೇ ಹೇಳಿದರು: “ಅಂಬಣ್ಣ, ಇನ್ನ ಮ್ಯಾಲ ಬೋರ್ಡ್ ನೋಡಂಗಿಲ್ಲ. ನೀ ಚೀಲಾ ಇಳಿಸಿ ಕುಂತಿ ಅಂದ್ರ ಅಂಗಡಿ ಬಂದ್.” ಅಂಬಣ್ಣ ಇನ್ನಷ್ಟು ಬಲವಾಗಿ ನೂಕಿದ. ಬಂಡಿ ಜೋರಾಗಿ ಓಡಿತು.

ಹೀಗೆ ತಮ್ಮ ಹುದ್ದೆಗೆ ಬಂದ ಮೊದಲ ದಿನವೇ ಅಂಬಣ್ಣ ಬೆಳಗಿನ ಚಹಾ ಕುಡಿದ ಕೂಡಲೇ ಕುಳಿತುಬಿಟ್ಟದ್ದು ನಿಜ. ಆದರೆ ತಮ್ಮಂತಹ ದೊಡ್ಡ ಯಂತ್ರವೇ ತಪ್ಪಿದ ಮೇಲೆ ಅಂಬಣ್ಣನ ಒಂದು ಸಣ್ಣ ತಪ್ಪನ್ನು ಯಾರೂ ಎತ್ತಿ ಆಡಬಾರದು. ನನ್ನ ತಾಯಿ ಮಾತ್ರ, ತನ್ನ ಶುಂಠಿ ಕಷಾಯದಿಂದಲೇ ಯಾದಗಿರಿಯ ಚಳಿ ಇಳಿಯಿತೆಂದು ಕೊಂಕಲ್‌ನ ಮನೆಮನೆಗೂ ಹೇಳುತ್ತಿದ್ದಾಳೆ.

ಈಗ ನನ್ನ ವಿನಂತಿ. ತಾವು ಒಂದು ದಿನ, ಒಂದೇ ಒಂದು ದಿನ, ಕಂಬದಿಂದ ಇಳಿದು ಬಂದು ಅಂಬಣ್ಣನ ಜೊತೆ ಗೊಬ್ಬರದ ಚೀಲ ಹೊರುವ ಕೃಪೆ ಮಾಡಬೇಕು. ಆಮೇಲೆ ತಾವು ಎಷ್ಟು ಡಿಗ್ರಿ ಹೇಳಿದರೂ ಒಪ್ಪುತ್ತೇವೆ. ಅದಾಗದಿದ್ದರೆ, ಇನ್ನೊಮ್ಮೆ ಹದಿನೆಂಟು ತೋರಿಸುವ ಮನಸ್ಸಾದಾಗ, ದಯಮಾಡಿ ಅಂಕಿಯ ಜೊತೆ ಗಾಳಿಯನ್ನೂ ಕಳಿಸಿಕೊಡಬೇಕು. ಅದೂ ಸಾಧ್ಯವಿಲ್ಲವೆಂದರೆ ಅಂಕಿ ಗಿಂಕಿ ಬಿಟ್ಟು, ಬರೀ “ಸುಡ್ತದ” ಎಂದು ಬರೆದುಕೊಂಡು ಸುಮ್ಮನಿರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದಕ್ಕೆ ಯಾವ ಡಬ್ಬಿಯೂ ಬೇಕಾಗುವುದಿಲ್ಲ.

ತಾವು ತೋರಿಸಿದ್ದನ್ನು ಮೈಮೇಲೆ ತೊಟ್ಟು ತಿರುಗಿದರೂ ಇನ್ನೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಈಶಪ್ಪ
ಯಾದಗಿರಿ

ತಾ.ಕ.: ತಮ್ಮ ಯಶಸ್ಸಿನಿಂದ ಉತ್ತೇಜಿತರಾಗಿ ಬಡಾವಣೆಗೆ ಈಗ ಮಳೆ ಅಳೆಯುವ ಯಂತ್ರವೂ ಬರುತ್ತಿದೆಯೆಂದು ಕೇಳಿ ಆನಂದವಾಯಿತು. ಅದನ್ನು ಕೂಡಿಸಲು ಬಹಳ ಯೋಚಿಸಿ ಆರಿಸಿರುವ ಜಾಗ ನೀರಿನ ಟಾಕಿಯ ಸೋರುವ ಪೈಪಿನ ನೇರ ಕೆಳಗೆ. ಈ ವರ್ಷ ನಮ್ಮ ಬಡಾವಣೆಗೆ ಚಿರಾಪುಂಜಿಗಿಂತ ಹೆಚ್ಚು ಮಳೆಯಾಗುವುದರಲ್ಲಿ ಸಂಶಯವಿಲ್ಲ. ನಳದಲ್ಲಿ ನೀರು ಬರುತ್ತಿಲ್ಲವೆಂದು ದೂರು ಕೊಡಲು ಹೋದವರಿಗೆ, ಇಷ್ಟು ಮಳೆಯಾದ ಮೇಲೂ ನೀರು ಯಾಕೆ ಬೇಕೆಂದು ಕೇಳಲು ಅನುಕೂಲವಾಗುತ್ತದೆ.